ಸತ್ತವರಿಗೆ ದಾರಿ ಹೇಳುವಾಕೆ

ಬೆಳಗಿನ ಐದೂವರೆ. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಜನರೇಟರ್ ಶೆಡ್ಡಿಗೆ ಅಂಟಿಕೊಂಡಿರುವ ಶವಾಗಾರದ ಬಾಗಿಲು ತೆರೆದಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ರವಿಕೆಯ ತೋಳು ಮೇಲೇರಿಸಿ, ಮುದುಕರೊಬ್ಬರ ಶವಕ್ಕೆ ಸ್ನಾನ ಮಾಡಿಸುತ್ತಿದ್ದಾರೆ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಎಲ್ಲೂ ಅವಸರವಿಲ್ಲ. ಒರೆಸಿ ಮುಗಿಸಿದ ಮೇಲೆ ಬಗ್ಗಿ, ಶವದ ಕಿವಿಯಲ್ಲಿ ಏನನ್ನೋ ರಾಗವಾಗಿ ಗುನುಗತೊಡಗುತ್ತಾರೆ.

"ಅಕ್ಕಾ, ಮೆಲ್ಲಗೆ! ಮೇಲ್ವಿಚಾರಕರು ಬಂದಿದ್ದಾರೆ," ಬಾಗಿಲ ಬಳಿಯ ಕಾವಲುಗಾರ ಪಿಸುಗುಡುತ್ತಾನೆ.

"ಕಿವೀಲಿ ಹೇಳಿದ್ದು ಇವರಿಗೇ ಕೇಳಿಸ್ತೋ ಇಲ್ವೋ. ಅವರಿಗೆ ಅಷ್ಟು ದೂರಕ್ಕೆ ಕೇಳಿಸುತ್ತಾ?" ಅಕ್ಕ ತಲೆಯೆತ್ತುವುದಿಲ್ಲ.

ಆಸ್ಪತ್ರೆಯಲ್ಲಿ ಇವರಿಗೆ 'ದಾರಿಯಮ್ಮ' ಎಂದೇ ಹೆಸರು. ಬೆಟ್ಟದ ಜನ ಇವರದು. ಜೀವ ಹೋದವರಿಗೆ ಮನೆಯ ದಾರಿ ಮರೆತುಹೋಗುತ್ತದೆ, ಯಾರಾದರೂ ಹೇಳಿಕೊಡಬೇಕು ಎನ್ನುವುದು ಅವರ ನಂಬಿಕೆ. ಇಂಥ ಬಂಡೆ ಬಳಸು, ಇಂಥ ಹಳ್ಳ ದಾಟು, ಇಂಥ ಮರದಡಿ ಕೂತು ಏಳು ಎನ್ನುತ್ತಾ ಹಿರಿಯರ ಕಲ್ಲಿನವರೆಗೆ ಇನ್ನೂರ ಹನ್ನೆರಡು ಗುರುತುಗಳ ಹಾಡು. ಪೂರ್ತಿ ಹೇಳಲು ಎರಡು ಗಂಟೆ ಬೇಕು. ಸೋದರತ್ತೆ ಬಾಯಿಂದ ಬಾಯಿಗೆ ಕಲಿಸಿದ್ದು. ಈಗ ಅದನ್ನು ಬಲ್ಲವರು ಇವರೊಬ್ಬರೇ.

ದಿನಕ್ಕೆ ಐದಾರು ಶವ ಬರುತ್ತವೆ. ವಾರಕ್ಕೊಂದು ಅವರ ಜನರದ್ದು. ಉಳಿದವರಿಗೂ ಹಾಡುತ್ತೀರಾ ಎಂದರೆ ನಗುತ್ತಾರೆ. "ಅವರ ಊರು ನಾನೆಲ್ಲಿ ಕಂಡಿದ್ದೀನಿ? ತಪ್ಪು ದಾರಿ ಹೇಳಿದ್ರೆ ಪಾಪ ಸುತ್ಕೊಳ್ಳುತ್ತೆ."

ಗುತ್ತಿಗೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಕೈಗವಸು ಕೇಳಿದರೆ 'ಬರುತ್ತೆ' ಎನ್ನುತ್ತಾರೆ. ಬಂದದ್ದು ಗೋಡೆಯ ಮೇಲೊಂದು ಫಲಕ: 'ಇಲ್ಲಿ ಮೂಢನಂಬಿಕೆಯ ಆಚರಣೆ ನಿಷಿದ್ಧ.'

ಅದೇ ಮೂಢನಂಬಿಕೆಗೆ ಊರಾಚೆಯ ಹೋಟೆಲಿನಲ್ಲಿ ಬೇರೆಯೇ ಮರ್ಯಾದೆ. ಮೂರು ವರ್ಷದ ಹಿಂದೆ ಮೈಕು ಹಿಡಿದು ಬಂದವರು 'ಮುಂದಿನ ಪೀಳಿಗೆಗೆ ಉಳೀಲಿ' ಎಂದು ಹಾಡು ತುಂಬಿಕೊಂಡು ಹೋಗಿದ್ದರು. ಒಂದು ದಿನ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಮಗಳು ಮುಖ ಬಿಳಿಚಿಕೊಂಡು ಮನೆಗೆ ಬಂದಳು. "ಅಮ್ಮಾ, ಅಲ್ಲಿ ನಿನ್ನ ಧ್ವನಿ ಕೇಳಿಸ್ತಿದೆ. ಬಂದವರಿಗೆಲ್ಲ ಸ್ವಾಗತ ಮಾಡೋಕೆ ಹಾಕ್ತಾರೆ."

ದಾರಿಯಮ್ಮ ಓಡಿದರು. ಅದು ಹೆಣದ ಹಾಡು, ಬದುಕಿರುವವರ ಮುಂದೆ ಹಾಡಬಾರದು ಎಂದು ಕೈ ಮುಗಿದರು. ಮ್ಯಾನೇಜರು ಕುರ್ಚಿ ಹಾಕಿಸಿ, ತಣ್ಣನೆಯ ಪಾನಕ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ. "ಕೇಳಿದ್ರೆ ಮನಸ್ಸಿಗೆ ಎಷ್ಟು ಹಿತ ಅಂತಾರೆ ಅಜ್ಜಿ, ನಮ್ಮ ಗೆಸ್ಟುಗಳು!"

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು," ಎನ್ನುತ್ತಾರೆ. ಹಾಡು ಈಗಲೂ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೊಳಗುತ್ತಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯದು. ಹಾಡಿನ ದಾರಿಯೇ ಈಗಿಲ್ಲ. ಇವರಿಗೆ ಇಪ್ಪತ್ತೆರಡಾದಾಗ ಅಣೆಕಟ್ಟು ಎದ್ದಿತು, ಬೆಟ್ಟದ ಬುಡ ಮುಳುಗಿತು, ಮನೆಗಳು ಕಾಲೊನಿಯ ಸಾಲಿಗೆ ಬಂದವು. ಆದರೂ ಮೂವತ್ತೈದು ವರ್ಷ ಹಳೆಯ ದಾರಿಯನ್ನೇ ಹೇಳಿದರು. ಹೋದ ವರ್ಷ ಅಣ್ಣನ ಶವ ಇದೇ ಮೇಜಿಗೆ ಬಂತು. ಬಾಗಿಲಲ್ಲಿ ನಿಂತಿದ್ದ ಅಣ್ಣನ ಮಗ, "ಯಾಕೆ ಅತ್ತೆ ಇನ್ನೂ? ಆ ಜಾಗವೇ ಇಲ್ವಲ್ಲ," ಎಂದ. ಒಂಬತ್ತನೆಯ ಗುರುತಿಗೆ ದಾರಿಯಮ್ಮ ಹಾಡು ನಿಲ್ಲಿಸಿದರು.

"ಆ ಅಣೆಕಟ್ಟಿನ ಗೋಡೆಗೆ ಸಿಮೆಂಟು ಹೊತ್ತವನೇ ನಮ್ಮಣ್ಣ. ಹೊಟ್ಟೆಪಾಡು. ಅವನಿಗೆ ಹೇಗೆ ಸುಳ್ಳು ಹೇಳ್ಲಿ?"

ಅಲ್ಲೇ ನಿಂತು ಹೊಸ ದಾರಿ ಕಟ್ಟಿದರು. ಬಸ್ ನಿಲ್ದಾಣ ದಾಟು, ಪೆಟ್ರೋಲ್ ಬಂಕಿನ ಎಡಕ್ಕೆ ತಿರುಗು, ಟವರಿನ ಕೆಳಗೆ ನಿಲ್ಲಬೇಡ, ನೆಟ್ಟಗೆ ನಡೆ. ಈಗ ತಮ್ಮ ಜನರಿಗೆಲ್ಲ ಅದನ್ನೇ ಹೇಳುತ್ತಾರೆ.

"ಗೋಡೆ ತನಕ ಬಿಟ್ಟು ಬರ್ತೀನಿ. ಅಲ್ಲಿಂದಾಚೆ ಬರೀ ನೀರು. ನಾವು ಬೆಟ್ಟದವರು, ಯಾರಿಗೂ ಈಜು ಬರಲ್ಲ."

ನಿಮಗೇನು ಆಸೆ ಎಂದು ಕೇಳಿದೆ. ಬಕೆಟ್ಟಿನ ನೀರು ಚೆಲ್ಲಿ, ಕೈ ಒರೆಸಿಕೊಂಡು ಹೇಳಿದರು:

"ಮೊಮ್ಮಗಳಿಗೆ ಈಜು ಕಲಿಸ್ಬೇಕು. ಹಾಡು ಕಲೀದಿದ್ರೂ ಚಿಂತೆಯಿಲ್ಲ."