ಮೇಷ್ಟ್ರ ಬಲಗಾಲಿನ ವೇಗ

ಕಾರು ಕಲಿಸುವ ಮೇಷ್ಟ್ರಿಗೆ ಜನ ಇಟ್ಟ ಅಡ್ಡಹೆಸರು ‘ನಲವತ್ತು’. ಮೂವತ್ತು ವರ್ಷಗಳಲ್ಲಿ ಅವರ ಪಾಠದ ಕಾರು ಒಮ್ಮೆಯೂ ನಲವತ್ತು ದಾಟಿರಲಿಲ್ಲ. ಹಿಂದಿನಿಂದ ಹಾರ್ನ್ ಹೊಡೆದವರಿಗೆ ಕಿಟಕಿಯಿಂದ ಕೈ ತೋರಿಸಿ, “ಮುಂದೆ ಹೋಗಿ ಸ್ವಾಮಿ, ಆಸ್ಪತ್ರೇಲಿ ಹಾಸಿಗೆ ಖಾಲಿ ಇದೆಯಂತೆ” ಎನ್ನುತ್ತಿದ್ದರು. ಇಂಥ ಮಹಾನುಭಾವರ ಮನೆಗೆ ಅಂಚೆಯಲ್ಲಿ ದಂಡದ ನೋಟಿಸು ಬಂತು. ರಸ್ತೆಬದಿಯ ಕ್ಯಾಮೆರಾ ತೆಗೆದ ಫೋಟೊ: ಕಾರಿನ ಹಿಂಭಾಗ, ನಂಬರು, ‘ಕಲಿಯುವವರು’ ಎಂಬ ಅವರದೇ ಫಲಕ. ಕೆಳಗೆ ಮಿತಿ ನಲವತ್ತು, ವೇಗ ಐವತ್ತೆಂಟು.

ಈ ಕಥೆಯನ್ನು ಮೇಷ್ಟ್ರು ಈಗ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಾರೆ. ತಮ್ಮ ಮಾನವನ್ನು ತಾವೇ ಹರಾಜು ಹಾಕಿಕೊಳ್ಳುವುದರಲ್ಲಿ ಅವರಿಗೊಂದು ಸುಖ ಸಿಕ್ಕಿಬಿಟ್ಟಿದೆ.

ಡೈರಿ ತೆಗೆದು ನೋಡಿದರೆ ಆ ಹೊತ್ತಿನ ಪಾಠ ದರ್ಜಿ ಅಕ್ಕನದು. ಐವತ್ತು ದಾಟಿದ ಹೆಂಗಸು. ಹೊಲಿದ ಸಮವಸ್ತ್ರಗಳನ್ನು ಶಾಲೆಗಳಿಗೆ ಮುಟ್ಟಿಸುವ ವ್ಯಾನಿನವನ ಕಾಟ ತಾಳಲಾರದೆ, ತಾನೇ ಓಡಿಸುತ್ತೇನೆಂದು ಬಂದವರು. ಆಕ್ಸಿಲರೇಟರನ್ನು ಮುಟ್ಟಿದರೆ ಎಲ್ಲಿ ನೊಂದುಕೊಳ್ಳುತ್ತದೋ ಎಂಬಂತೆ ಮುಟ್ಟುತ್ತಿದ್ದರು. ಎರಡು ಸಲ ಪರೀಕ್ಷೆಯಲ್ಲಿ ಫೇಲು, ಮುಂದಿನ ವಾರ ಮೂರನೆಯದು. ವೇಗದ ಕೇಸೊಂದು ಹೆಸರಿಗೆ ಬಿದ್ದರೆ ಕಲಿಯುವವರಿಗೆ ಒಂದು ವರ್ಷ ಪರೀಕ್ಷೆಯೇ ಇಲ್ಲ.

ನೋಟಿಸಿನ ಕೊನೆಗೆ ಒಂದು ಕಾಲಂ: ಆಗ ವಾಹನ ಓಡಿಸುತ್ತಿದ್ದವರು ಯಾರು? ಮೇಷ್ಟ್ರು ಅದೊಂದನ್ನು ಖಾಲಿ ಬಿಟ್ಟು ನಾಲ್ಕು ಪುಟ ಆಕ್ಷೇಪಣೆ ಬರೆದರು. ಬರೆದದ್ದನ್ನು ಊಟದ ಮೇಜಿನ ಮುಂದೆ ಕೂತು ಹೆಂಡತಿಗೆ ಓದಿಯೂ ತೋರಿಸಿದರು.

“ಯಂತ್ರ ಸಾಕ್ಷಿ ಹೇಳುತ್ತೆ ಅಂದ್ರೆ ಅದಕ್ಕೆ ಪಾಟೀಸವಾಲು ಹಾಕೋರು ಯಾರು? ಅದನ್ನ ಪರೀಕ್ಷೆ ಮಾಡಿದ ಪತ್ರ ಎಲ್ಲಿ? ವೇಗದ ಬೋರ್ಡು ಕೊಂಬೆ ಹಿಂದೆ ಅಡಗಿತ್ತು! ಫೋಟೋದಲ್ಲಿ ಒಂದು ಮುಖ ಇಲ್ಲ, ಆದ್ರೂ ಮಾಲೀಕನೇ ಕಳ್ಳ. ಇದ್ಯಾವ ನ್ಯಾಯ?”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದರು ಹೆಂಡತಿ, ತಲೆ ಎತ್ತದೆ. “ಮೊದಲು ನಿಮ್ಮ ಕಾಲು ನೋಡ್ಕೊಳ್ಳಿ.”

ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಬಲಗಾಲು ಚಪ್ಪಲಿಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

“ನಿಮಗೆ ಅವಸರ ಆದಾಗೆಲ್ಲ ಹಾಗೇ. ಸಿನಿಮಾ ಬೇಗ ಮುಗೀಲಿ ಅಂತ್ಲೂ ಒತ್ತುತೀರಿ.”

ಪಾಠದ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಮೂರು ಪೆಡಲುಗಳಿವೆ, ಆಕ್ಸಿಲರೇಟರೂ ಸೇರಿ. ಅವತ್ತು ಹೊಟ್ಟೆ ಹಸಿದಿತ್ತು, ಅಕ್ಕನ ಕಾರು ಇಪ್ಪತ್ತರಲ್ಲಿ ತೆವಳುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕಾರು ಹಾರಿತು, “ನೋಡಿ ಮೇಷ್ಟ್ರೇ, ನಾನು!” ಎಂದು ಅಕ್ಕ ಚಿಕ್ಕ ಹುಡುಗಿಯ ಹಾಗೆ ಕೂಗಿದ್ದರು. ಮೇಷ್ಟ್ರು ಶಭಾಷ್ ಎಂದಿದ್ದರು. ಶಭಾಷ್‌ಗಿರಿ ಯಾರ ಕಾಲಿಗೆ ಸಲ್ಲಬೇಕಿತ್ತೆಂಬುದು ಈಗ ಹೊಳೆದು, ಅವರಿಗೆ ಊಟ ಸೇರಲಿಲ್ಲ.

ವಿಚಾರಣೆಯ ದಿನ ಪಾಠದ ಹೊತ್ತು ಹಾಳಾಗಬಾರದೆಂದು ದರ್ಜಿ ಅಕ್ಕನೇ ಕಾರು ಓಡಿಸಿಕೊಂಡು ಬಂದರು, ಇಪ್ಪತ್ತರಲ್ಲಿ. ಮೇಷ್ಟ್ರು ಅಷ್ಟೂ ದಾರಿ ಹೇಳೋಣ ಹೇಳೋಣ ಎಂದುಕೊಂಡರು, ಹೇಳಲಿಲ್ಲ. ಕಚೇರಿಯ ಅಧಿಕಾರಿಣಿ ನಾಲ್ಕೂ ಪುಟ ಓದಿದರು. ಯಂತ್ರದ ಪರೀಕ್ಷೆಯ ಪತ್ರ ಹೋದ ತಿಂಗಳದೇ ಇತ್ತು. ಬೋರ್ಡಿನ ಫೋಟೊದಲ್ಲಿ ಕೊಂಬೆ ಇರಲಿ, ಒಂದು ಎಲೆಯೂ ಇರಲಿಲ್ಲ.

“ಒಂದು ಮಾತು ಮಾತ್ರ ನೀವು ಸರಿಯಾಗೇ ಬರೆದಿದ್ದೀರಿ,” ಎಂದರು ಅಧಿಕಾರಿಣಿ. “ಕ್ಯಾಮೆರಾಕ್ಕೆ ಕಾರು ಕಾಣುತ್ತೆ, ಓಡಿಸಿದವರು ಕಾಣಲ್ಲ. ಅದಕ್ಕೇ ಕಾಲಂ ಇಟ್ಟಿರೋದು. ಸ್ಟೇರಿಂಗ್ ಮುಂದೆ ಯಾರಿದ್ರು?”

ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಹಿಂದಿನ ಕುರ್ಚಿ ಕಿರುಗುಟ್ಟಿತು.

“ನಾನೇ,” ಎಂದರು ದರ್ಜಿ ಅಕ್ಕ. “ಪರೀಕ್ಷೆ ಹೋದ್ರೆ ಹೋಗ್ಲಿ. ಐವತ್ತೆಂಟು! ನನ್ನ ಕೈಲೂ ಆಗುತ್ತೆ ಅಂತ ಅವತ್ತೇ ಗೊತ್ತಾಗಿದ್ದು.”

ಸುಮ್ಮನಿದ್ದರೆ ಸಾಕಿತ್ತು. ಕಾನೂನು ಮೇಷ್ಟ್ರ ಕಡೆಗಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ. ಆದರೆ ಆ ಹೆಂಗಸಿನ ಮುಖದ ಹೆಮ್ಮೆ ನೋಡಿ ಅವರಿಗೆ ನಾಚಿಕೆಯಾಯಿತು.

“ಸ್ಟೇರಿಂಗ್ ಅವರದು ಮೇಡಂ. ಕಾಲು ನಂದು.”

ಅಧಿಕಾರಿಣಿ ಪುಟಗಳನ್ನು ತಿರುವಿಹಾಕಿದರು. “ಇಷ್ಟು ಬರೆದು ಇದೊಂದನ್ನೇ ಬಿಟ್ಟಿದ್ದೀರಲ್ಲ?”

ದಂಡ ಮೇಷ್ಟ್ರ ಹೆಸರಿಗೇ ಬಿತ್ತು. ಜೊತೆಗೆ ಒಂದನೇ ತಾರೀಖಿನಿಂದ ಮೂರು ತಿಂಗಳು ಕಲಿಸುವಂತಿಲ್ಲ ಎಂಬ ಆದೇಶ. ‘ನಲವತ್ತು’ ಹೋಗಿ ‘ಐವತ್ತೆಂಟು’ ಎಂಬ ಹೆಸರು ಅಂಟಿಕೊಳ್ಳಲು ಎರಡು ದಿನವೂ ಬೇಕಾಗಲಿಲ್ಲ.

ಹೊರಗೆ ಬಂದಾಗ ದರ್ಜಿ ಅಕ್ಕ ಧನ್ಯವಾದ ಹೇಳಲಿಲ್ಲ. ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತರು.

“ಹಾಗಾದ್ರೆ ಅವತ್ತು ನಾನು ಓಡಿಸ್ಲೇ ಇಲ್ವಾ?”

“ಇಲ್ಲಮ್ಮ. ತಪ್ಪಾಯ್ತು.”

ಅಕ್ಕ ಕೂತು ಬೆಲ್ಟು ಬಿಗಿದರು. “ಕಾಲು ಮೇಲೆ ಮಡಚಿ ಕೂತ್ಕೊಳ್ಳಿ ಮೇಷ್ಟ್ರೇ.”

“ಬ್ರೇಕು ಬೇಕಾದ್ರೆ?”

“ನನ್ನ ಹತ್ರ ಒಂದಿದೆ.”

ಮೂವತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬಲ ಮೊಣಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದುಕೊಂಡರು. ಕಾರು ಇಪ್ಪತ್ತಕ್ಕೆ ಬಂತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಇಪ್ಪತ್ತೈದು, ಮೂವತ್ತು. ಕ್ಯಾಮೆರಾದ ಕಂಬ ಹತ್ತಿರವಾಗುತ್ತಿದ್ದಂತೆ ಮುಳ್ಳು ಇನ್ನೂ ಮೇಲಕ್ಕೆ ಏರಿತು.

“ಮೂವತ್ತೊಂಬತ್ತು,” ಎಂದರು ದರ್ಜಿ ಅಕ್ಕ. ಮುಳ್ಳಿನ ಮೇಲೆ ಹರಿದ ಕಣ್ಣು ಆಗಲೇ ರಸ್ತೆಗೆ ಮರಳಿತ್ತು. “ಇದು ನಂದು.”