ಗಂಗಕ್ಕನ ಸದ್ದಿನ ಕ್ಯಾಮೆರಾ

ಫೋಟೊ ತೆಗೆದಾದ ಮೇಲೆ ಗಂಗಕ್ಕ ಕ್ಯಾಮೆರಾವನ್ನು ಎದೆಗಿಳಿಸಿ, ಎದುರಿಗಿದ್ದವರನ್ನು “ಕೇಳುಸ್ತಾ?” ಎಂದು ವಿಚಾರಿಸುತ್ತಿದ್ದರು. ಕ್ಯಾಮೆರಾದ ಸದ್ದು ನಿಮ್ಮ ಕಿವಿಗೆ ಬಿತ್ತೇ ಎಂದು ಆ ಪ್ರಶ್ನೆಯ ಅರ್ಥ. ಇಲ್ಲವೆಂದರೆ ಆ ಫೋಟೊವನ್ನು ಅಲ್ಲಿಯೇ ಅಳಿಸಿ ಮತ್ತೊಮ್ಮೆ ತೆಗೆಯುತ್ತಿದ್ದರು. ಮಧುಗಿರಿಯ ಕೋರ್ಟಿನ ಹಿಂಬದಿಯ ಬೀದಿಯಲ್ಲಿದ್ದ ಅವರ ಸ್ಟುಡಿಯೊಗೆ ಬರುತ್ತಿದ್ದವರು ಬಹುತೇಕ ಅವಸರದ ಜನ. ಅರ್ಜಿಗೆ ಅಂಟಿಸಬೇಕು, ವಕೀಲರು ಕಾಯುತ್ತಿದ್ದಾರೆ, ಬಸ್ಸು ಹೊರಡುತ್ತದೆ. ಅಂಥವರು ರೇಗಿದರೆ ಗಂಗಕ್ಕನೂ ರೇಗುತ್ತಿದ್ದರು. “ನಿನ್ ಮೊಕಾನ ನಾನು ತಗಂಡೆ. ತಗಂಡಿದ್ದು ನಿಂಗೆ ಗೊತ್ತಾಗ್ಬ್ಯಾಡ್ವಾ? ಗೊತ್ತಾಗ್ದಂಗೆ ತಗಂಡ್ರೆ ಅದುಕ್ಕೆ ಬ್ಯಾರೆ ಹೆಸ್ರೈತೆ.”

ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮನೆಯವರೆಲ್ಲ ಅಕ್ಕಪಕ್ಕ ಕುಳಿತು ಕೊನೆಯ ಫೋಟೊ ತೆಗೆಸಿಕೊಳ್ಳುವ ರೂಢಿಯಿದೆ. ಅಂಥ ಕಡೆಗೂ ಗಂಗಕ್ಕ ಹೋಗುತ್ತಿದ್ದರು. ಅಲ್ಲಿಯೂ ಗುಂಡಿ ಒತ್ತಿದ ಮೇಲೆ ಹೆಣದ ಕಡೆ ಬಾಗಿ, “ತಗುದೆ ಕಣಜ್ಜ, ಆಯ್ತು” ಎಂದು ಹೇಳಿಯೇ ಹಿಂದೆ ಸರಿಯುತ್ತಿದ್ದರು. ಮೂಢನಂಬಿಕೆಯ ವಿರುದ್ಧ ಊರೂರು ಭಾಷಣ ಮಾಡುತ್ತಿದ್ದ ನಾನು ಒಮ್ಮೆ ಇದನ್ನು ಆಕ್ಷೇಪಿಸಿದೆ. ಸತ್ತವರಿಗೆ ಕೇಳಿಸುವುದಿಲ್ಲ ಎಂದೆ. ಗಂಗಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನೀನೇನ್ ಸತ್ತು ನೋಡ್ಕಂಡ್ ಬಂದ್ಬುಟ್ಯಾ, ಧಿಕ್ಕಾರದಮ್ಮ?”

ನನಗೆ ಆ ಹೆಸರಿಟ್ಟವರೂ ಅವರೇ. ನಮ್ಮ ಸಂಘಟನೆಯ ಮೆರವಣಿಗೆಗಳು ಅವರ ಬೀದಿಯಲ್ಲಿ ಹಾದು ಹೋಗುವಾಗ ಮುಂದೆ ನಿಂತು ಧಿಕ್ಕಾರ ಕೂಗುತ್ತಿದ್ದವಳು ನಾನು. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೆಚ್ಚಿಗೆ ಎಂಬುದನ್ನು ಅವರ ಮುಖದಲ್ಲಿ ನಾನು ಎಂದೂ ಕಂಡವಳಲ್ಲ.

ಗಂಗಕ್ಕನ ಕ್ಯಾಮೆರಾ ಹೊಸದಾಗಿ ಕಲಿಯುವವರಿಗೆಂದು ತಯಾರಾಗುವ ಸಾಧಾರಣ ಡಿಎಸ್‌ಎಲ್‌ಆರ್. ಗಂಡ ಬದುಕಿದ್ದಾಗ ಕೊಂಡದ್ದು. ಹಿಡಿಯುವ ಕಡೆಯ ರಬ್ಬರು ಕಿತ್ತುಹೋಗಿ, ಆ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಅಂಟಿಕೊಂಡಿತ್ತು. ಮಬ್ಬು ಬೆಳಕಿನಲ್ಲಿ ತೆಗೆದರೆ ಚಿತ್ರದ ತುಂಬ ರಾಗಿ ಚೆಲ್ಲಿದಂತೆ ಕಾಳುಕಾಳು. ಕ್ಯಾಮೆರಾದೊಳಗೆ ಪುಟ್ಟ ಕನ್ನಡಿಯೊಂದಿರುತ್ತದೆ. ಗುಂಡಿ ಒತ್ತಿದಾಗ ಅದು ಮೇಲೆದ್ದು ಮತ್ತೆ ಬೀಳುತ್ತದೆ. ‘ಟಪಕ್’ ಎಂಬ ಆ ಸದ್ದು ಪಕ್ಕದ ಜೆರಾಕ್ಸ್ ಅಂಗಡಿಯವರೆಗೂ ಹೋಗುತ್ತಿತ್ತು.

ಆ ಸದ್ದಿಗೆ ಏನು ಬೆಲೆ ಎಂಬುದನ್ನು ನಾನು ಕಂಡದ್ದು ಪಾವಗಡ ತಾಲ್ಲೂಕಿನಲ್ಲಿ, ರಾಯಚರ್ಲಿನ ಕಡೆ. ಹೊಲಗಳಿದ್ದ ಕಡೆಯೆಲ್ಲ ಸೋಲಾರ್ ಹಲಗೆಗಳು ಕಣ್ಣು ಹಾಯುವವರೆಗೆ ಹಬ್ಬಿದ್ದವು. ಅವುಗಳ ಬೇಲಿಯ ಪಕ್ಕದ ಮನೆಯೊಂದರಲ್ಲಿ ದೃಷ್ಟಿಯಿಲ್ಲದ ವೃದ್ಧರೊಬ್ಬರಿದ್ದರು. ಅಂಗವಿಕಲರ ಪಿಂಚಣಿಗೆ ಅವರು ಕೊಟ್ಟ ಅರ್ಜಿ ಹಿಂದಕ್ಕೆ ಬಂದಿತ್ತು. ಫೋಟೊದಲ್ಲಿ ಕಣ್ಣು ಮುಚ್ಚಿದೆ ಎಂಬುದು ಕಾರಣ. ಕುರುಡನ ಕಣ್ಣು ತೆರೆದಿರಬೇಕೆಂದು ಕೇಳುವ ಕ್ರೌರ್ಯಕ್ಕೆ ನಮ್ಮ ಆಡಳಿತದಲ್ಲಿ ನಿಯಮವೆಂಬ ಹೆಸರಿದೆ. ನನ್ನ ಮಾತಿಗೆ ಗಂಗಕ್ಕ ಕ್ಯಾಮೆರಾ ಹೆಗಲಿಗೇರಿಸಿ ಬಂದರು. ಅಂಗಳದಲ್ಲಿ ಆ ಅಜ್ಜನನ್ನು ಕೂರಿಸಿ, ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಸದ್ದಾಯಿತು. ಅಜ್ಜ ತೆಲುಗಿನಲ್ಲಿ, “ಅಯಿಪೋಯಿಂದಾ ಅಮ್ಮಾ?” ಎಂದರು, ಮುಗಿಯಿತೇ ಎಂದು. “ಅಯಿಪೋಯಿಂದಿ ತಾತ” ಎಂದು ಗಂಗಕ್ಕ ಅವರ ಕೈ ಮುಟ್ಟಿದರು. ಆತನ ಮುಖ ಅರಳಿದ್ದು ನನಗೆ ನೆನಪಿದೆ. ಹಿಂದಿನ ಫೋಟೊವನ್ನು ಯಾರೋ ಫೋನಿನಲ್ಲಿ ತೆಗೆದು ಮಾತಾಡದೆ ಎದ್ದು ಹೋಗಿದ್ದರಂತೆ. ಅಜ್ಜ ಬಹಳ ಹೊತ್ತು ಹಾಗೆಯೇ ನೆಟ್ಟಗೆ ಕುಳಿತಿದ್ದರಂತೆ.

ಹೀಗೆಂದು ಗಂಗಕ್ಕನನ್ನು ದೇವತೆ ಮಾಡಲು ನಾನು ಕೂತಿಲ್ಲ. ಸ್ಟುಡಿಯೊದ ಮೊಳೆಗೆ ಒಂದು ಕಪ್ಪು ಕೋಟು ನೇತಾಡುತ್ತಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೊಗೆ ಗಿರಾಕಿಗಳು ಅದನ್ನು ತೊಟ್ಟು ಕೂರುತ್ತಿದ್ದರು. ಎಲ್ಲರೂ ಅಲ್ಲ. ಊರು, ಕೇರಿ, ತಂದೆಯ ಹೆಸರು ಕೇಳಿದ ಮೇಲೆ ಕೆಲವರಿಗೆ, “ನಿನ್ ಅಂಗಿನೇ ಸಂದಾಗೈತೆ ಕೂತ್ಕ” ಎಂದು ಗಂಗಕ್ಕ ಹೇಳುವುದನ್ನು ನಾನು ಗಮನಿಸಿದೆ. ಆ ಕೆಲವರೆಲ್ಲ ದಲಿತರು. ನಾನು ಎದುರಿಗೇ ಕೇಳಿದೆ. ಅವರು ಬಾಯಿಗೆ ಬಂದಂತೆ ಬೈದರು. ನನ್ನ ಅಂಗಡಿ, ನನ್ನ ಕೋಟು, ನಿನ್ನ ಭಾಷಣ ಬೀದಿಯಲ್ಲಿಟ್ಟುಕೋ ಎಂದರು. ಮರುದಿನ ಹೋದಾಗ ಮೊಳೆ ಖಾಲಿಯಿತ್ತು. ಕೋಟನ್ನು ಟ್ರಂಕಿನಲ್ಲಿಟ್ಟಿದ್ದರು. ಇನ್ನು ಯಾರಿಗೂ ಇಲ್ಲ. ಎಲ್ಲರಿಗೂ ಕೊಡುವುದಕ್ಕಿಂತ ಯಾರಿಗೂ ಕೊಡದಿರುವುದು ಅವರಿಗೆ ಸುಲಭವಾಗಿ ಕಂಡಿತ್ತು. ಇದು ಸಮಾನತೆಯಲ್ಲ ಎಂದು ನಾನು ಹೇಳಿದೆ. ಗಂಗಕ್ಕ ಮುಂದಿನ ಗಿರಾಕಿಯನ್ನು ಕರೆದರು.

ನಮ್ಮ ಸಂಘಟನೆಗೆ ದಾನಿಯೊಬ್ಬರು ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಟ್ಟದ್ದು ಆಮೇಲೆ. ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ದಾಖಲಿಸಿ ಪುಸ್ತಕ ತರುವುದೆಂದು ಸಮಿತಿ ತೀರ್ಮಾನಿಸಿತ್ತು. ಕ್ಯಾಮೆರಾ ಹಿಡಿಯಬಲ್ಲವರು ಬೇಕಾಗಿದ್ದರು. ನಾನು ಅದನ್ನು ಗಂಗಕ್ಕನ ಮೇಜಿನ ಮೇಲಿಟ್ಟೆ. ಬೈಗುಳ ನಿರೀಕ್ಷಿಸಿದ್ದ ನನಗೆ ಆಶ್ಚರ್ಯವಾಯಿತು. ಅವರು ಹೊಸ ಸೀರೆ ಮುಟ್ಟುವವರಂತೆ ಅದನ್ನು ಮುಟ್ಟಿದರು. ಅಂಗೈಯಲ್ಲಿ ಕೂರುವ ಮೈ. ಕತ್ತಲ ಮೂಲೆಯಲ್ಲಿ ತೆಗೆದ ಚಿತ್ರದಲ್ಲಿಯೂ ಗೋಡೆಯ ಬಿರುಕು ಎಣಿಸಬಹುದಿತ್ತು. ಮುಖ ಕಂಡಲ್ಲಿ ಹಸಿರು ಚೌಕವೊಂದು ತಾನಾಗಿಯೇ ಹೋಗಿ ಕಣ್ಣಿನ ಮೇಲೆ ಕೂರುತ್ತಿತ್ತು. ಮನುಷ್ಯ ಅತ್ತಿತ್ತ ಸರಿದರೂ ಬಿಡುತ್ತಿರಲಿಲ್ಲ. ಒಳಗೆ ಕನ್ನಡಿಯೇ ಇಲ್ಲ, ಬೇಡವೆಂದರೆ ಸದ್ದೂ ಇಲ್ಲ.

ಗಂಗಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಅನೇಕ ದಿನ ಜಗಳವಾಡಿದರು, ತಮ್ಮೊಂದಿಗೇ. ಹಳೆಯದರ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿಗಿರುವವರೇ ಕನ್ನಡಿಯ ಮೂಲಕ ಕಾಣುತ್ತಾರೆ. ಹೊಸದರ ಕಿಂಡಿಯೊಳಗಿರುವುದು ಪುಟ್ಟದೊಂದು ಪರದೆ. “ಇದ್ರಾಗೆ ಮನ್ಸ ಕಾಣ್ತಾನೆ, ಅದ್ರಾಗೆ ಮನ್ಸುನ್ ಟೀವಿ ಕಾಣ್ತದೆ” ಎನ್ನುತ್ತಿದ್ದರು. ಹೊಸದರ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಸೋಲುತ್ತಿತ್ತು, ಹಳೆಯದು ಮದುವೆಯೊಂದನ್ನು ಪೂರ್ತಿ ಮುಗಿಸಿಕೊಂಡು ಬರುತ್ತಿತ್ತು. ಆದರೂ ಶಿರಾದ ಮದುವೆಯೊಂದಕ್ಕೆ ಹೊಸದನ್ನೇ ಹಿಡಿದು ಹೋಗಿ, ಅಲ್ಲಿನ ಹೆಂಗಸರು ಚಿತ್ರ ನೋಡಿ “ಬಹುತ್ ಅಚ್ಛಾ” ಎಂದದ್ದನ್ನು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು. ಹೊಸದನ್ನು ಅವರು ಮೆಚ್ಚಿದ್ದರು. ಈ ಸತ್ಯವನ್ನು ನಾನು ಮುಚ್ಚಿಡಲಾರೆ.

ಮಧುಗಿರಿ ಮತ್ತು ಕೊರಟಗೆರೆಯ ನಡುವಿನ ಹಳ್ಳಿಯೊಂದರಲ್ಲಿ ಟೀ ಹೋಟೆಲಿತ್ತು. ಹಳ್ಳಿಯ ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೆ ಸಿಕ್ಕಿಬೀಳುವವರು ಆ ಊರಿನ ಮಾರಣ್ಣ ಎಂಬವರೇ. ಒಳಗೆ ಸ್ಟೀಲ್ ಲೋಟಗಳಿದ್ದವು. ಹೊರಗೆ ಜಗಲಿಯ ತುದಿಯಲ್ಲಿ ಗಾಜಿನ ಲೋಟಗಳನ್ನು ಬೋರಲು ಹಾಕಿರುತ್ತಿದ್ದರು. ಅವುಗಳಲ್ಲಿ ಕುಡಿದು, ತಾವೇ ತೊಳೆದು, ಮತ್ತೆ ಬೋರಲು ಹಾಕಬೇಕಾದವರು ಯಾರೆಂಬುದು ಊರಿಗೆಲ್ಲ ಗೊತ್ತಿತ್ತು. ಮಾಲೀಕನಿಗೆ ತಿಳಿದರೆ ಲೋಟಗಳು ಮಾಯವಾಗುತ್ತವೆ. ಆದ್ದರಿಂದ ಸದ್ದಿಲ್ಲದ ಕ್ಯಾಮೆರಾವೇ ಬೇಕೆಂದು ಸಮಿತಿ ಹೇಳಿತು. ಗಂಗಕ್ಕ ಅರೆಮನಸ್ಸಿನಿಂದ ಒಪ್ಪಿದರು. ಸೆರಗಿನ ಮರೆಯಿಂದ ತೆಗೆದರು. ಜಗಲಿಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಟೀ ಕುಡಿಯುತ್ತಿದ್ದವರು ಮಾರಣ್ಣ, ತೆಂಗಿನಕಾಯಿ ಸುಲಿಯುವ ಕೂಲಿಯವರು. ಫೋಟೊ ತೆಗೆದ ಮೇಲೆ ಅವರಿಗೆ ಹೇಳಬೇಕೆಂದು ಗಂಗಕ್ಕ ಹುಡುಕಿದರೆ, ಅವರು ಯಾರದೋ ಟ್ರ್ಯಾಕ್ಟರ್ ಹತ್ತಿ ಹೊರಟುಹೋಗಿದ್ದರು.

ಚಿತ್ರ ಅದ್ಭುತವಾಗಿ ಬಂದಿತ್ತು. ದುರಂತವಿದ್ದುದೇ ಅದರಲ್ಲಿ. ಕ್ಯಾಮೆರಾ ತಾನಾಗಿಯೇ ಮಾರಣ್ಣನ ಕಣ್ಣನ್ನು ಹುಡುಕಿ ಹಿಡಿದಿತ್ತು. ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟ. ಬೆನ್ನು ತಿರುಗಿಸಿ ಟೀ ಸೋಸುತ್ತಿದ್ದ ಮಾಲೀಕ ಹಿಂದೆ ಮಸುಕಾದ ಒಂದು ಬಿಳಿ ಬನಿಯನ್ ಮಾತ್ರ. ಅಪಮಾನಕ್ಕೊಳಗಾದವನಿಗೆ ಮುಖವಿತ್ತು, ಅಪಮಾನಿಸಿದವನಿಗೆ ಇರಲಿಲ್ಲ.

“ಅವುನ್ಗೆ ಕೇಳುಸ್ಲಿಲ್ಲ. ಅವುನ್ನ ಕೇಳ್ದೆ ಹಾಕ್ಬ್ಯಾಡ್ರಿ” ಎಂದು ಹೇಳಿ ಗಂಗಕ್ಕ ಚಿತ್ರವನ್ನು ನನ್ನ ಕೈಗಿತ್ತರು. ಆ ಷರತ್ತನ್ನು ನಾನು ಸಮಿತಿಯ ಮುಂದಿಟ್ಟೆ. ಮುಖ ಮರೆಮಾಡಿದರೆ ಓದುಗರ ಮನ ಕಲಕುವುದಿಲ್ಲ ಎಂದು ಹಿರಿಯರು ವಾದಿಸಿದರು. ನಾನು ವಿರೋಧಿಸಿದೆ, ಒಬ್ಬಳಾದೆ. ಪುಸ್ತಕದ ಮುಖಪುಟದಲ್ಲಿ ಮಾರಣ್ಣ ಅಚ್ಚಾದರು. ಜನರ ಪರವಾಗಿ ಮಾತಾಡುವ ನಾವು ಜನರನ್ನು ಕೇಳುವುದಿಲ್ಲ. ಹೋಟೆಲಿನವನದು ಹೇಗೆ ಅನ್ಯಾಯವೋ ಇದೂ ಹಾಗೆಯೇ ಅನ್ಯಾಯವೆಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ.

ಆ ಮುಖಪುಟ ಫೋನಿನಿಂದ ಫೋನಿಗೆ ಹಾರಿ ಹಳ್ಳಿ ತಲುಪಿತು. ಊರ ಮಾನ ಕಳೆದನೆಂದು ಕಾಯಿ ಮಂಡಿಯವರು ಮಾರಣ್ಣನಿಗೆ ಕೆಲಸಕ್ಕೆ ಬರಬೇಡವೆಂದರು. ಯಾವ ತೋಟದವರೂ ಕರೆಯಲಿಲ್ಲ. ಅವರು ವಿಚಾರಿಸಿಕೊಂಡು ಸ್ಟುಡಿಯೊಗೆ ಬಂದ ದಿನ ನಾನೂ ಅಲ್ಲಿದ್ದೆ. ಹೊಸಿಲಾಚೆ ನಿಂತು, ಕೂಗಾಡದೆ, “ಯಾವಾಗ್ ತಗುದ್ರಿ ಕಣಮ್ಮ? ನಂಗೆ ಗೊತ್ತೇ ಆಗ್ಲಿಲ್ವಲ್ಲ” ಎಂದರು.

ಸಮಿತಿಯ ತಪ್ಪನ್ನು ನಾನು ವಿವರಿಸತೊಡಗಿದೆ. ಗಂಗಕ್ಕ ತಡೆದರು. “ನೀನ್ ಸುಮ್ಕಿರು. ಒತ್ತಿದ್ದು ನನ್ ಬೆಳ್ಳು.” ಮಾರಣ್ಣನನ್ನು ಒಳಗೆ ಕರೆದರು. ಅವರು ಬರಲಿಲ್ಲ. ಹೊಸಿಲಾಚೆಯಿಂದಲೇ ಹೇಳಿದರು: “ಹೆಂಗೂ ಕೆಲ್ಸ ಹೋತು. ನಾಳಿಕ್ಕೆ ನಾನ್ ಆ ಓಟ್ಲು ಒಳಿಕ್ ಹೋಗಿ ಬೆಂಚಿನ್ ಮ್ಯಾಲ್ ಕುಂತ್ಕಂತೀನಿ. ನೀವು ಸದ್ದು ಬರೋ ಕ್ಯಾಮ್ರ ತಕಂಬನ್ನಿ.”

ನಾವು ಹೋದೆವು. ಮಾರಣ್ಣ ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಟೀ ಕೇಳಿದರು. ಮಾಲೀಕ ಕೇಳಿಸದವನಂತೆ ಒಲೆಯ ಕಡೆ ತಿರುಗಿ ನಿಂತ. ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಹಳೆಯ ಕ್ಯಾಮೆರಾ ಎತ್ತಿದರು. ಟಪಕ್. ಆ ಸದ್ದಿಗೆ ಮಾಲೀಕ ಗಕ್ಕನೆ ಇತ್ತ ತಿರುಗಿದ. ಗಂಗಕ್ಕ ಮತ್ತೊಮ್ಮೆ ಒತ್ತಿದರು. ಹೊಸ ಕ್ಯಾಮೆರಾ ಹಿಡಿಯದೆ ಬಿಟ್ಟಿದ್ದ ಮುಖವನ್ನು ಹಳೆಯದು ಸದ್ದು ಮಾಡಿ ತನ್ನ ಕಡೆ ತಿರುಗಿಸಿಕೊಂಡಿತ್ತು.

“ಕೇಳುಸ್ತಾ ಮಾರಣ್ಣ?” ಎಂದರು ಗಂಗಕ್ಕ.

“ಎಲ್ರುಗೂ ಕೇಳುಸ್ತು ಬುಡಮ್ಮ.”

ಇಲ್ಲಿಗೆ ನ್ಯಾಯ ಗೆದ್ದಿತೆಂದು ಬರೆಯಲು ನನಗೂ ಆಸೆಯಿದೆ. ಪೊಲೀಸ್ ಠಾಣೆಗೆ ದೂರು ಕೊಡಲು ಹೋದೆವು. ಅಧಿಕಾರಿ ಎರಡೂ ಚಿತ್ರ ಮೇಜಿನ ಮೇಲಿಟ್ಟುಕೊಂಡು ನೋಡಿದರು. ಮೊದಲನೆಯದರಲ್ಲಿ ತಪ್ಪಿತ್ತು, ತಪ್ಪು ಮಾಡಿದವನ ಮುಖವಿರಲಿಲ್ಲ. ಎರಡನೆಯದರಲ್ಲಿ ಮುಖವಿತ್ತು, ಕಾಳುಕಾಳಾಗಿದ್ದರೂ ಗುರುತು ಸಿಗುತ್ತಿತ್ತು. “ಒಳ್ಗೇ ಕುಂತವ್ನಲ್ಲಪ್ಪ ನಿಮ್ ಮಾರಣ್ಣ, ಇನ್ನೇನ್ ಬೇಕು?” ಎಂದು ಅಧಿಕಾರಿ ನಕ್ಕರು. ಪ್ರಕರಣ ದಾಖಲಾಗಲಿಲ್ಲ. ಹೋಟೆಲಿನವನು ಮಾತ್ರ ಗಾಜಿನ ಲೋಟವನ್ನೂ ಸ್ಟೀಲ್ ಲೋಟವನ್ನೂ ಎತ್ತಿಟ್ಟು, ಎಲ್ಲರಿಗೂ ಕಾಗದದ ಕಪ್ಪಿನಲ್ಲಿ ಟೀ ಕೊಡತೊಡಗಿದ. ನಮ್ಮ ಸಮಿತಿ ಇದನ್ನು ವಿಜಯವೆಂದು ಕರೆದು ಕರಪತ್ರ ಹಂಚಿತು.

ಆ ಕರಪತ್ರವನ್ನು ಗಂಗಕ್ಕ ಓದಿ ಮಡಚಿಟ್ಟರು. “ನನ್ ಕೋಟಿನಂಗೇ ಮಾಡ್ದ ನೋಡು ಅವ್ನು” ಎಂದರು. ಎದ್ದು ಟ್ರಂಕು ತೆಗೆದು, ಕೋಟನ್ನು ಒದರಿ, ಮೊಳೆಗೆ ತಗುಲಿಹಾಕಿದರು. ಮಾರಣ್ಣ ಉದ್ಯೋಗ ಖಾತ್ರಿಯ ಕೂಲಿ ಕಾರ್ಡಿಗೆ ಫೋಟೊ ತೆಗೆಸಲು ಬಂದಾಗ ತಾವೇ ಅದನ್ನು ಕೈಗೆತ್ತಿ ಕೊಟ್ಟರು. ಅವರು ಮುಟ್ಟಿ ನೋಡಿ ಹಿಂದಿರುಗಿಸಿದರು. “ಬ್ಯಾಡಮ್ಮ, ನನ್ ಅಂಗಿನೇ ಇರ್ಲಿ.” ಆ ಮಾತು ಗಂಗಕ್ಕನಿಗೆ ನಾಟಿತು. ಹೊಸ ಕ್ಯಾಮೆರಾವನ್ನು ಅದೇ ವಾರ ನನ್ನ ಕೈಯಲ್ಲಿಟ್ಟರು, ಒಳ್ಳೆಯ ಮಿಷನ್ನು, ಒಳ್ಳೆಯವರ ಕೈಗೆ ಕೊಡು ಎಂದು. ಸಮಿತಿಗೆ ಅದನ್ನೂ ನನ್ನ ರಾಜೀನಾಮೆಯನ್ನೂ ಒಟ್ಟಿಗೇ ಒಪ್ಪಿಸಿ ಬಂದೆ.

ಹೋದ ಬೇಸಿಗೆಯಲ್ಲಿ ಗಂಗಕ್ಕ ತೀರಿಕೊಂಡರು. ತವರು ಮನೆಯವರು ಅವರನ್ನು ಗೋಡೆಗೆ ಒರಗಿಸಿ, ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದ್ದರು. ಅವರ ಕ್ಯಾಮೆರಾ ಒಳಕೋಣೆಯ ಗೂಡಿನಲ್ಲಿತ್ತು. ತುಮಕೂರು ರಸ್ತೆಯ ಹೊಸ ಸ್ಟುಡಿಯೊದವರು ಮಿರರ್‌ಲೆಸ್ ತಂದಿದ್ದರು. ಮನೆಯವರೆಲ್ಲ ಅಕ್ಕಪಕ್ಕ ಕುಳಿತು ಮುಖ ಬಿಗಿಹಿಡಿದು ಕಾದರು. ನಾನೂ ಕಿವಿಗೊಟ್ಟು ಕಾದೆ. ಯಾರೋ ಬೇಸತ್ತು, ಯಾವಾಗ ತೆಗೆಯುತ್ತೀರಿ ಎಂದು ಕೇಳಿದರು. ಎಷ್ಟೊಂದು ತೆಗೆದಾಯಿತಲ್ಲ ಎನ್ನುತ್ತ ಸ್ಟುಡಿಯೊದಾತ ಚೀಲ ಮುಚ್ಚುತ್ತಿದ್ದ. ಗಂಗಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಹೊರಗೆ ಬಂದೆ. ಕಾಂಪೌಂಡಿನಾಚೆ, ಗೋಡೆಗೆ ಆತುಕೊಂಡು ಮಾರಣ್ಣ ನಿಂತಿದ್ದರು. ಗೇಟಿನ ಬಳಿ ಕುಳಿತಿದ್ದ ನೆಂಟರು ಅವರನ್ನು ಅಲ್ಲಿಯೇ ನಿಲ್ಲಿಸಿದ್ದರು. ಒಳಗೆ ಬನ್ನಿ, ಯಾರು ತಡೆಯುತ್ತಾರೋ ನೋಡುತ್ತೇನೆ ಎಂದೆ. ಇವತ್ತು ಬೇಡವೆಂದು ತಲೆಯಾಡಿಸಿದರು. ಅವರ ಕೈಯಲ್ಲಿ ಕನಕಾಂಬರದ ಒಂದು ಹಾರವಿತ್ತು. ಆ ಗೋಡೆಯ ಆಚೆಯಿಂದ ಏನೂ ಕಾಣುವಂತಿರಲಿಲ್ಲ.

“ಫೋಟೊ ತಗುದ್ರೇನಮ್ಮ?” ಎಂದು ಕೇಳಿದರು. “ಇಲ್ಲೇ ನಿಂತಿವ್ನಿ. ನಂಗೇನೂ ಕೇಳುಸ್ಲಿಲ್ಲ.”