ಐದಕ್ಕೇ ಹೊತ್ತು ಮುಳುಗುವ ದ್ವೀಪ

ನಮ್ಮ ಮನೆಯಲ್ಲಿ ಹೆದರುವ ಕೆಲಸ ನನ್ನದು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ಬಂದವಳು ನಾನು. ಮಳೆಗಾಲದಲ್ಲಿ ಪಂಚಗಂಗೆಯ ನೀರು ಒಂದು ಮೆಟ್ಟಿಲು ಏರಿದರೆ ಸಾಕು, ಅಕ್ಕಿ ಡಬ್ಬಿಗಳನ್ನು ಅಟ್ಟಕ್ಕೆ ಸಾಗಿಸುತ್ತೇನೆ. ಹೆದರುಪುಕ್ಕಲಿ ಅಂತ ಗಂಡ ಕರೆಯುತ್ತಾರೆ. ಕರೆಯಲಿ. ಮನೆಯಲ್ಲಿ ಒಬ್ಬರಾದರೂ ಹೆದರುವವರು ಇದ್ದರೆ ಉಳಿದವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ.

ಇಂಥ ನನ್ನ ಕೈಗೆ ಅಂಡಮಾನ್ ಪ್ರವಾಸದ ಯೋಜನೆ ಬಂತು. ದೀಪಾವಳಿಗೆ ನಮ್ಮ ಇಚಲಕರಂಜಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ವರ್ಷವಿಡೀ ಖಟಖಟ ಎನ್ನುವ ಊರು ಆ ಕೆಲವು ದಿನ ಮಾತ್ರ ಬಾಯಿ ಮುಚ್ಚುತ್ತದೆ. ಗಂಡನ ಪವರ್‌ಲೂಮಿಗೂ ಅದೇ ರಜೆ, ಮಗಳ ಕಾಲೇಜಿಗೂ ಅದೇ ರಜೆ. ದ್ವೀಪ ನೋಡುವ ಆಸೆ ಮಗಳದು. ಆದರೆ ಅವಳ ಮೊಬೈಲಿನಲ್ಲಿ ಆ ನೀಲಿ ನೀರನ್ನು ನೋಡಿ, "ಇದು ಖರೇನ ಹಿಂಗ ಐತೇನ? ನಾನೂ ಬರ್ತೇನಿ" ಎಂದವಳು ನನ್ನ ಅವ್ವ.

ಅವ್ವ ಇರುವುದು ಗಡಹಿಂಗ್ಲಜ ತಾಲೂಕಿನ ಮಹಾಗಾಂವದಲ್ಲಿ, ನನ್ನ ಅಣ್ಣನ ಮನೆಯಲ್ಲಿ. ಎಪ್ಪತ್ತು ದಾಟಿದ್ದಾಳೆ. ಸಕ್ಕರೆ ಕಾಯಿಲೆ ಇದೆ, ಬೆಳಿಗ್ಗೆ ಸಂಜೆ ಇನ್ಸುಲಿನ್ ಇಂಜೆಕ್ಷನ್ ಇದೆ. ನಮ್ಮದು ಜೈನರ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವ್ವ ಮುನಿಗಳ ಮುಂದೆ ನೇಮ ತೆಗೆದುಕೊಂಡಳು. ಹೊತ್ತು ಮುಳುಗಿದ ಮೇಲೆ ಅನ್ನ ಇಲ್ಲ, ನೀರೂ ಇಲ್ಲ. ಮರುದಿನ ಸೂರ್ಯ ಹುಟ್ಟುವವರೆಗೆ ತುಟಿ ಒದ್ದೆಯಾಗುವುದಿಲ್ಲ. ಡಾಕ್ಟರು ಇದಕ್ಕೆ ಒಪ್ಪಿದ್ದು ಒಂದೇ ಕರಾರಿನ ಮೇಲೆ: ಇಂಜೆಕ್ಷನ್ ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಲೇಬೇಕು, ತಪ್ಪಿದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ.

ಅದು ಒಮ್ಮೆ ತಪ್ಪಿತ್ತು. ಹೋದ ವರ್ಷ ಹಾತಕಣಂಗಲೆಯಲ್ಲಿ ನಮ್ಮ ಕಡೆಯ ಹುಡುಗಿಯ ಮದುವೆ. ಸಂಜೆಯ ಪಂಗತಿಗೆ ಎಲೆ ಹಾಕುವುದನ್ನು ನೋಡಿ ಅವ್ವ ಒಳಗೆ ಹೋಗಿ ಇಂಜೆಕ್ಷನ್ ತೆಗೆದುಕೊಂಡು ಬಂದು ಎಲೆಯ ಮುಂದೆ ಕೂತಳು. ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರು ಬಂದರು. ಅವರಲ್ಲೂ ರಾತ್ರಿ ಊಟ ಬಿಟ್ಟವರಿದ್ದರು. ಹೆಣ್ಣಿನ ಕಡೆಯವರು ಬೀಗರಿಗಿಂತ ಮೊದಲು ಉಂಡರೆ ಹೇಗೆ? ಅವ್ವ ಎದ್ದು, "ನೀವು ಕೂಡ್ರಿ, ನಮ್ಮದೇನ ಮನಿ ಊಟ" ಎಂದು ಜಾಗ ಬಿಟ್ಟುಕೊಟ್ಟಳು. ಇಂಜೆಕ್ಷನ್ ಆಗಿದೆ ಅಂತ ಯಾರಿಗೂ ಹೇಳಲಿಲ್ಲ. ಎರಡನೆಯ ಪಂಗತಿಗೆ ಎಲೆ ಬೀಳುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅವ್ವ ಕೈ ಮುಗಿದು ಗೋಡೆಗೆ ಒರಗಿ ಕೂತುಬಿಟ್ಟಳು.

ನಾನು ಅವಳನ್ನು ನೋಡಿದಾಗ ಕುಪ್ಪಸ ಬೆವರಿಗೆ ತೊಯ್ದಿತ್ತು. "ಅವ್ವಾ" ಅಂದೆ. ನನ್ನನ್ನು ನೋಡಿ, ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಸಕ್ಕರೆ ತಂದು ಬಾಯಿಗೆ ಹಾಕಲು ಹೋದರೆ ಹಲ್ಲು ಕಚ್ಚಿ ಹಿಡಿದಳು. ಯಾರು ಮಗಳು, ಎಲ್ಲಿದ್ದೇನೆ, ಯಾವುದೂ ಗೊತ್ತಿಲ್ಲ, ನೇಮ ಮಾತ್ರ ಗೊತ್ತಿದೆ. ಹಲ್ಲಿನ ಸಂದಿಯಿಂದಲೇ, "ಹೊತ್ತ ಮುಣಗೇತಿ, ಹೊತ್ತ ಮುಣಗೇತಿ" ಎನ್ನುತ್ತಿದ್ದಳು. ನಾನು ಬಲವಂತದಿಂದ ಬೆರಳು ತೂರಿಸಿದೆ. ರಕ್ತ ಬರುವ ಹಾಗೆ ಕಚ್ಚಿದಳು. ಕೊನೆಗೆ ಕಾರಿನಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದು ಗ್ಲೂಕೋಸ್ ಸಲೈನ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಕಣ್ಣು ಬಿಟ್ಟವಳೇ ಕೇಳಿದ್ದು, ಬೀಗರ ಊಟ ಚೆನ್ನಾಗಿ ಆಯಿತೇ ಎಂದು.

ನಾವು ಅವಳಿಗೆ ಚಕ್ಕರ್ ಬಂದಿತ್ತು ಅಂತಷ್ಟೇ ಹೇಳಿದೆವು. ಬೆರಳಿಗೆ ಏನಾಯಿತು ಎಂದದ್ದಕ್ಕೆ, ಬಾಗಿಲಲ್ಲಿ ಸಿಕ್ಕಿತು ಅಂದೆ. ಆವತ್ತಿನಿಂದ ಸಂಜೆಯಾದರೆ ಸಾಕು, ದಿನಾ ಅಣ್ಣನ ಮನೆಗೆ ಫೋನು: ಅವ್ವನ ಊಟ ಆಯಿತೇ? ಹಾವು ಕಂಡವರು ಹಗ್ಗಕ್ಕೂ ಹೆದರುತ್ತಾರಂತೆ, ನಾನು ಸೂರ್ಯನಿಗೆ ಹೆದರತೊಡಗಿದೆ.

ಆದ್ದರಿಂದಲೇ ಪ್ರವಾಸದ ಯೋಜನೆಯನ್ನು ಬೇರೆಯವರಿಗೆ ಬಿಡಲಿಲ್ಲ. ಕೊಲ್ಹಾಪುರದ ಟ್ರಾವೆಲ್ಸ್ ಆಫೀಸಿನ ಹೆಣ್ಣುಮಗಳು ಫೋನಿನಲ್ಲಿ, "ಕಾಳಜಿ ಕರೂ ನಕಾ, ತಾಈ" ಎಂದು ನೂರು ಸಲ ಮರಾಠಿಯಲ್ಲಿ ಸಮಾಧಾನ ಹೇಳಿದಳು. ಕಾಳಜಿ ಮಾಡದೆ ಇರುವುದು ನನ್ನ ಜಾಯಮಾನದಲ್ಲೇ ಇಲ್ಲ. ಯಾವ ಹೋಟೆಲಿನಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಹಾಕದೆ ಅಡಿಗೆ ಮಾಡಿಕೊಡುತ್ತಾರೆ, ನೀರು ಸೋಸಲು ಬಟ್ಟೆ ಎಷ್ಟು ಒಯ್ಯಬೇಕು, ಇಂಜೆಕ್ಷನ್ ತಂಪಾಗಿಡುವ ಚೀಲ ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ, ಎಲ್ಲ ಕೇಳಿದೆ. ದೀಪಾವಳಿಯ ಹೊತ್ತಿಗೆ ಸೂರ್ಯ ಮುಳುಗುವುದು ಆರರ ಸುಮಾರಿಗೆ. ಹಾಗಾಗಿ ದಿನಾ ಸಂಜೆ ಐದಕ್ಕೆ ಎಲ್ಲಿದ್ದರೂ ಹೋಟೆಲಿಗೆ ವಾಪಸು, ಇಂಜೆಕ್ಷನ್, ಐದೂವರೆಗೆ ಊಟ. ಮಹಾಗಾಂವಕ್ಕೆ ಹೋಗಿ ಮನೆಮಂದಿಗೆಲ್ಲ ಓದಿ ಹೇಳಿದೆ. ಅಣ್ಣ ತಲೆದೂಗಿದ. ಅವನ ಹೆಂಡತಿ ವೈನಿ, "ಭಾಳ ಚಂದ ಕುಂದ್ರಿಸೀರಿ" ಅಂದಳು. ಅವ್ವ ಹೊಸ ಚಪ್ಪಲಿ ಬೇಕೆಂದಳು. ಹುಟ್ಟಿದಾಗಿನಿಂದ ಹೊತ್ತು ನೋಡಿ ಉಂಡ ಮಂದಿ ನಾವು. ಸೂರ್ಯ ಎಲ್ಲ ಊರಲ್ಲೂ ನಮ್ಮೂರಿನ ಹಾಗೇ ನಡೆಯುತ್ತಾನೆ ಎಂದುಕೊಂಡಿದ್ದೆವು.

ನವರಾತ್ರಿಯ ಒಂದು ಸಂಜೆ ನಾನು ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಗಂಡ ಮೊಬೈಲ್ ಹಿಡಿದು ಮೇಲೆ ಬಂದರು. ನೂಲಿನ ವ್ಯಾಪಾರದ ಅವರ ಗೆಳೆಯರೊಬ್ಬರು ಆಗ ಅಂಡಮಾನಿಗೆ ಹೋಗಿದ್ದರು, ವಿಡಿಯೋ ಕಾಲ್ ಮಾಡಿದ್ದರು. ಪರದೆಯಲ್ಲಿ ಅವರ ಮುಖ, ಹಿಂದೆ ಕಪ್ಪು, ಅಲ್ಲೊಂದು ಇಲ್ಲೊಂದು ದೀಪ. ಕೋಣೆಯಲ್ಲಿ ಪರದೆ ಎಳೆದು ಕೂತಿದ್ದಾರೆ ಅಂದುಕೊಂಡೆ.

"ವೈನಿ, ಸಮುದ್ರ ತೋರಸೂಣಂದ್ರ ಕತ್ತಲಾಗೇತಿ ನೋಡ್ರಿ" ಅಂದರು ಅವರು. "ಇಲ್ಲೆ ಐದಕ್ಕೆಲ್ಲಾ ಹೊತ್ತ ಮುಣಗತೈತಿ. ಪೂರ್ವಕ್ಕ ಐತೆಲ್ಲಾ."

ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ನನ್ನ ತಲೆಯ ಮೇಲೆ ಬಿಸಿಲು, ಅವರ ತಲೆಯ ಮೇಲೆ ರಾತ್ರಿ, ಇಬ್ಬರ ಗಡಿಯಾರದಲ್ಲೂ ಒಂದೇ ವೇಳೆ. ನಾನು ಗೊತ್ತು ಮಾಡಿದ್ದ ಪ್ರತಿಯೊಂದು ಊಟವೂ ಕತ್ತಲಲ್ಲಿ ಬಿದ್ದಿತ್ತು. ದೋಣಿಯಿಂದ ಇಳಿಯುವಾಗಲೇ ಸೂರ್ಯ ಹೋಗಿರುತ್ತಿದ್ದ. ನನ್ನ ಆತುರಕ್ಕೆ ವೇಳೆ ಉಳಿಸಲು ದೋಣಿಯಲ್ಲೇ ಇಂಜೆಕ್ಷನ್ ಕೊಟ್ಟುಬಿಟ್ಟಿದ್ದರೆ? ಮಾಳಿಗೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಅತ್ತಿಯವ್ರಿಗೆ ಹೇಳೂದ ಬ್ಯಾಡ" ಎಂದರು ಗಂಡ, ಫೋನು ಇಟ್ಟ ಮೇಲೆ. "ನಮ್ಮೂರಾಗ ಇನ್ನೂ ಹೊತ್ತ ಐತಿ, ಉಣ್ರಿ ಅಂದ್ರ ಆತ."

ಮಗಳು ಮೆಟ್ಟಿಲ ಮೇಲಿಂದ, "ಪಪ್ಪಾ, ಆಯಿಗೆ ಕಣ್ಣ ಕಾಣತಾವು" ಎಂದಳು. ಅಜ್ಜಿಯನ್ನು ಅವಳು ಆಯಿ ಅನ್ನುತ್ತಾಳೆ.

ಹೋಗುವುದೇ ಬೇಡ ಎಂದು ಕೊಲ್ಹಾಪುರಕ್ಕೆ ಫೋನು ಮಾಡಲು ಹೊರಟೆ. ಹೊಸ ಚಪ್ಪಲಿ ನೆನಪಾಯಿತು. ಅವ್ವ ಅದನ್ನು ಹಾಕಿಕೊಂಡು ಅಂಗಳದಲ್ಲಿ ನಡೆದು ರೂಢಿ ಮಾಡಿಕೊಳ್ಳುತ್ತಿದ್ದಾಳೆಂದು ವೈನಿ ಹೇಳಿದ್ದಳು. ಫೋನು ಕೆಳಗಿಟ್ಟು ಮತ್ತೆ ಕೂತು ಇಡೀ ದಿನವನ್ನೇ ಹಿಂದಕ್ಕೆ ಎಳೆದೆ. ಬೇಗ ಮುಳುಗುವ ಸೂರ್ಯ ಬೇಗ ಹುಟ್ಟಲೂ ಬೇಕು. ಬೆಳಕು ಹರಿಯುತ್ತಲೇ ಹೊರಡುವುದು, ಸುತ್ತಾಟವೆಲ್ಲ ಮಧ್ಯಾಹ್ನದೊಳಗೆ ಮುಗಿಸುವುದು, ನಾಲ್ಕರೊಳಗೆ ಊಟ. ಎಲ್ಲ ದಿನಗಳೂ ಹೊಂದಿಕೊಂಡವು, ಒಂದನ್ನು ಬಿಟ್ಟು. ಆ ದಿನ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಹಡಗು ಮಧ್ಯಾಹ್ನವೇ ಬಿಟ್ಟು ಕತ್ತಲಾದ ಮೇಲೆ ಮುಟ್ಟುತ್ತದೆ, ಬೇರೆ ಹಡಗಿಗೆ ಟಿಕೆಟ್ ಇಲ್ಲ. ಹಡಗಿನಲ್ಲೇ ಇಂಜೆಕ್ಷನ್, ಹಡಗಿನಲ್ಲೇ ಡಬ್ಬಿ ಬಿಚ್ಚಿ ಊಟ ಎಂದು ಬರೆದೆ. ಬರೆದವಳ ಪೆನ್ನು ಅಲ್ಲೇ ನಿಂತಿತು. ಅವ್ವನಿಗೆ ಗಡಹಿಂಗ್ಲಜದ ಬಸ್ಸಿನಲ್ಲೇ ವಾಂತಿಯಾಗುತ್ತದೆ. ಉಂಡದ್ದೆಲ್ಲ ಸಮುದ್ರಕ್ಕೆ ಹೋದರೆ, ಒಳಗೆ ಬರೀ ಇಂಜೆಕ್ಷನ್ ಉಳಿದರೆ, ಸೂರ್ಯ ಮುಳುಗಿದರೆ? ಸುತ್ತಲೂ ನೀರು. ದವಾಖಾನೆ ಇಲ್ಲ. ಹಲ್ಲು ಕಚ್ಚಿದ ಆ ಬಾಯಿ ಕಣ್ಣಿಗೆ ಕಟ್ಟಿತು. ಇದಕ್ಕೆ ಕಾಗದದ ಮೇಲೆ ಉತ್ತರ ಇರಲಿಲ್ಲ, ಅವ್ವನನ್ನೇ ಕೇಳಬೇಕಿತ್ತು.

ನಿಪ್ಪಾಣಿ ದಾಟಿ, ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ ಮಹಾಗಾಂವ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ನಾನೂ ಎದುರು ಕೂತು ಬಿಡಿಸತೊಡಗಿದೆ. ಅವ್ವನೇ ಕೇಳಿದಳು, "ಯಾಕವಾ, ಮಾರಿ ಹಂಗ್ಯಾಕ ಆಗೇತಿ?"

ಹೇಳಿಬಿಟ್ಟೆ. ಐದಕ್ಕೆ ಮುಳುಗುವ ಸೂರ್ಯ, ಹಡಗು, ಆಮೇಲೆ ಹಾತಕಣಂಗಲೆಯ ಸಂಜೆ, ಸತ್ತ ಚಿಕ್ಕಮ್ಮನ ಹೆಸರು, ಸಕ್ಕರೆ, ಎಲ್ಲ. ಅವ್ವನ ಕೈ ನಿಂತಿತು.

"ನನಗ ಚಕ್ಕರ ಬಂದಿತ್ತ ಅಂದಿದ್ರಿ."

"ಹೂಂ."

"ಎಲ್ಲಿ, ಕೈ ತೋರಸ." ನನ್ನ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಉಗುರಿನ ಕೆಳಗೆ ಬಿಳಿ ಗುರುತು ಇನ್ನೂ ಇದೆ. "ಇದ ಬಾಗಲಾ ಅಲ್ಲ. ನಾ ಕಚ್ಚಿದ್ದ."

ಅವ್ವನ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ಹೋದಾಗಲೂ ಕಂಡಿರಲಿಲ್ಲ.

"ನನಗ ಏನೂ ನೆನಪಿಲ್ಲ" ಅಂದಳು. "ಸಾಯೂದಕ್ಕ ಹೆದರೂದಿಲ್ಲ ನಾ. ಮಗಳ ಗುರ್ತ ಹತ್ತಲಿಲ್ಲಂದ್ರ, ಅದಕ್ಕ ಹೆದರಿಕಿ ಬರ್ತೈತಿ."

ನನ್ನ ಕಣ್ಣಲ್ಲಿ ನೀರು ಬಂತು. "ಹೋಗೂದ ಬ್ಯಾಡ ಬಿಡ ಅವ್ವಾ" ಎಂದೆ. "ಇಲ್ಲಾಂದ್ರ ಆ ಒಂದ ದಿನದ ಮಟ್ಟಿಗೆ ನೇಮ ಸಡಲ ಮಾಡ."

"ಎಚ್ಚರ ಇರೂತನಕ ನೇಮ ನಂದು. ಅದನ್ನ ಕೇಳಬ್ಯಾಡ." ಅವ್ವ ಒಂದು ಶೇಂಗಾ ಕಾಯಿ ಒಡೆದು ಬೀಜವನ್ನು ಮೊರದೊಳಗೆ ಹಾಕಿದಳು. ಆಮೇಲೆ ಅಂದಳು, "ಎಚ್ಚರ ತಪ್ಪಿ ನಿನ್ನ ಗುರ್ತ ಹತ್ತದಂಗ ಆತಂದ್ರ, ನೇಮ ಹಿಡದಾಕಿ ಅಲ್ಲಿ ಇಲ್ಲ ಅಂತ ತಿಳ್ಕೊ. ಆವಾಗ ಜೀವ ನಿನ್ನ ಕೈಯಾಗ. ಸಕ್ಕರಿ ಹಾಕ. ದೋಷ ಬಂದ್ರ ಊರಿಗಿ ಬಂದ ಮ್ಯಾಲ ಬಸದ್ಯಾಗ ಮುನಿಗಳ ಮುಂದ ನಾ ಪ್ರಾಯಶ್ಚಿತ್ತ ತೊಗೊತೇನಿ."

"ಹಲ್ಲ ಕಚ್ಚಿದ್ರ?"

ಅದನ್ನು ಅವ್ವ ಯೋಚಿಸಿರಲಿಲ್ಲ. ನನ್ನ ಬೆರಳನ್ನು ಇನ್ನೊಮ್ಮೆ ನೋಡಿದಳು. "ಕಿವ್ಯಾಗ ಹೇಳ. ಅವ್ವಾ, ನೀನ ಹೇಳೀದಿ, ಬಾಯಿ ತಗಿ ಅಂತ ಹೇಳ. ನಮಸ್ಕಾರ ಮಂತ್ರ ನಿದ್ದ್ಯಾಗೂ ಬಾಯಿಗಿ ಬರ್ತೈತಿ. ಹಂಗ ಇದನ್ನೂ ರೂಢಿ ಮಾಡಿಸ ನನಗ. ಹೊರಡೂತನಕ ದಿನಾ ಫೋನಿನ್ಯಾಗ ಹೇಳ. ಈಗ ಒಮ್ಮೆ ಹೇಳ, ನೋಡೂಣು."

ನನಗೆ ನಗುವೂ ಬಂತು, ಅಳುವೂ ಬಂತು. ಐವತ್ತರ ಹತ್ತಿರ ಬಂದ ಹೆಂಗಸು ನಾನು, ಮೊರದ ಆಚೆಯಿಂದ ಎದ್ದು ಅವ್ವನ ಪಕ್ಕಕ್ಕೆ ಹೋಗಿ ಕೂತೆ. ಅವ್ವ ಕಣ್ಣು ಮುಚ್ಚಿಕೊಂಡು ಹಲ್ಲು ಕಚ್ಚಿ ಹಿಡಿದಳು. ಅವಳು ಬೇಕೆಂದೇ ಮಾಡಿದ್ದು ಎಂದು ಗೊತ್ತಿದ್ದೂ ನಾನು ಆ ಬೆರಳನ್ನು ಮಡಚಿಕೊಂಡೆ. ಅದೇ ದವಡೆ, ಅದೇ ಬಿಗಿ. ಬಾಯಿ ಕಿವಿಯ ಹತ್ತಿರ ಒಯ್ದೆ.

"ಅವ್ವಾ" ಅಂದೆ. "ನೀನ ಹೇಳೀದಿ. ಬಾಯಿ ತಗಿ."

ಅವ್ವ ಬಾಯಿ ತೆರೆದಳು. ಕೈಗೆ ಸಿಕ್ಕಿದ್ದು ಬಂದವಳಿಗೆಂದು ವೈನಿ ಬಟ್ಟಲಿನಲ್ಲಿ ತಂದಿಟ್ಟಿದ್ದ ಬೆಲ್ಲದ ಚೂರು. ಒಂದು ಚಿಟಿಕೆ ಮುರಿದು ನಾಲಿಗೆಯ ಮೇಲಿಟ್ಟೆ. ಹೊರಗೆ ಅಂಗಳದ ತುಂಬ ಬಿಸಿಲಿತ್ತು. ನನ್ನ ಬೆರಳು ಈಚೆಗೆ ಬರುವವರೆಗೂ ಅವ್ವ ಬಾಯಿ ತೆರೆದುಕೊಂಡೇ ಇದ್ದಳು.